ತಾಯಿ ಚಿಟ್ಟೆಯ ಪರೀಕ್ಷೆ

ಮೊನ್ನೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದಾಗ ಯಾರೋ ಬ್ಲೀಚಿಂಗ್ ಪೌಡರ್ ಹಾಕಿ ನೆಲ ತೊಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಿತ್ತನೆ ಕೋಠಿಯ ಸಾಹೇಬರು ನೆನಪಾದರು. ಅವರ ಕೋಠಿಯ ನೆಲವನ್ನೂ ದಿನಾ ಇದರಲ್ಲೇ ತೊಳೆಯುತ್ತಿದ್ದೆವು.

ಮೂವತ್ತು ವರ್ಷಗಳ ಹಿಂದೆ ನಾನು ಅವರ ಕೈಕೆಳಗೆ ಕೆಲಸಕ್ಕಿದ್ದೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಕೋಠಿ ಅದು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸಾಹೇಬರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಗಂಟುರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡಬೇಕು. ಸುಡುವವನು ನಾನು. ಗಂಡು ಚಿಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ. ಆ ರೋಗ ತಾಯಿಯಿಂದಲೇ ಮೊಟ್ಟೆಗೆ ಇಳಿಯುವುದು.

ಹುಳುವಿಗೆ ಅದು ಸರಿಯೇ. ಸಾಹೇಬರು ಮನುಷ್ಯರಿಗೂ ಅದನ್ನೇ ಹಚ್ಚಿದರು. ಎಲ್ಲೋ ಓದಿದ್ದರಂತೆ... ಹುಚ್ಚು ರಕ್ತದಲ್ಲೇ ಬರುತ್ತದೆಂದು ವಂಶವೃಕ್ಷ ಬರೆದಿಟ್ಟ ವಿದೇಶದ ಡಾಕ್ಟರುಗಳ ವಿಷಯ. ಆ ವಿದ್ಯೆಯನ್ನು ನಂಬಿಯೇ ಜರ್ಮನಿಯಲ್ಲಿ ರೋಗಿಗಳನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡಿದರು, ಆಮೇಲೆ ಕೊಂದೂಬಿಟ್ಟರು ಎಂಬುದನ್ನು ಮಾತ್ರ ಅವರು ಬಾಯಿಬಿಡಲಿಲ್ಲ. ನಾನು ಅದನ್ನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಊರವರೂ ಹೆಣ್ಣು ತರುವ ಮೊದಲು ಈ ಮಹಾಶಯರನ್ನು ಒಂದು ಮಾತು ಕೇಳಿ ಹೋಗುತ್ತಿದ್ದರು. ಥೂ!

ಒಂದು ದಿನ ಟೀ ಕುಡಿಯುತ್ತಾ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. ನಾನು ಹುಟ್ಟಿದಾಗ ಅಮ್ಮನಿಗೆ ಬುದ್ಧಿ ಕೆಟ್ಟಿತ್ತು, ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ವಾಸಿಯಾದಳು ಎಂದೆ. ಸಾಹೇಬರು ಲೋಟ ಕೆಳಗಿಟ್ಟು, "ನಿಮ್ಮಕ್ಕನ್ನ ಬೈರಾಪಟ್ಟಣಕ್ಕಲ್ವೇನಯ್ಯ ಕೊಟ್ಟಿರೋದು?" ಎಂದರು.

ಅಕ್ಕ ಆಗ ನಾಲ್ಕು ತಿಂಗಳ ಬಸುರಿ. ಸಾಹೇಬರು ಮುಂದಿನ ವಾರವೇ ಹೋಗಿ, ಅಮ್ಮನ ಹುಚ್ಚು ಹೊಟ್ಟೆಯಲ್ಲಿರುವ ಮಗುವಿಗೂ ಇಳಿಯುತ್ತದೆಂದು ಅವಳ ಅತ್ತೆ ಮಾವನ ತಲೆ ಕೆಡಿಸಿ ಬಂದರು. ಅತ್ತೆ ಮಾವ ರಕ್ತ ಪರೀಕ್ಷೆ ಎಂದು ಸುಳ್ಳು ಹೇಳಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಸಿರು ತೆಗೆಸಿದರು, ಸಾಹೇಬರು ಹೇಳಿದಂತೆ ಮತ್ತೆ ಮಕ್ಕಳಾಗದಂತೆ ಆಪರೇಷನ್ನನ್ನೂ ಮಾಡಿಸಿದರು. ವರ್ಷದೊಳಗೆ ಮಗನಿಗೆ ಇನ್ನೊಂದು ಮದುವೆ ಮಾಡಿ ಅಕ್ಕನನ್ನು ನಮ್ಮೂರು ಕಲ್ಯದ ಮನೆಗೆ ಬಿಟ್ಟುಹೋದರು.

ನನ್ನ ಮದುವೆಗೂ ಸಾಹೇಬರು ಬಂದಿದ್ದರು. ಹೆಣ್ಣಿನ ಕಡೆಯವರೊಬ್ಬರು ಅಮ್ಮನ ವಿಷಯ ಕೆದಕಿದಾಗ, "ಗಂಡು ಚಿಟ್ಟೆನ ಯಾರಯ್ಯ ಪರೀಕ್ಷೆ ಮಾಡ್ತಾರೆ?" ಎಂದು ನಕ್ಕು ಅಕ್ಷತೆ ಹಾಕಿದರು. ನಾನೂ ನಕ್ಕೆ... ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಇಬ್ಬರು ಮಕ್ಕಳು. ಇಬ್ಬರನ್ನೂ ಎತ್ತಿ ಆಡಿಸಿ ಸಾಕಿದವಳು ಅಕ್ಕ. ಸಾಹೇಬರನ್ನು ನೆನೆದರೆ ಅಸಹ್ಯವಾಗುತ್ತದೆ, ನನ್ನನ್ನು ನೆನೆದರೆ ಇನ್ನೂ ಹೆಚ್ಚು.

ಅವರು ಹೋದ ತಿಂಗಳು ತೀರಿಕೊಂಡರು. ಮೊನ್ನೆ ಮಾರುಕಟ್ಟೆಯಿಂದ ಮನೆಗೆ ಬಂದಾಗ ಅಕ್ಕ ಹುಳುವಿಗೆ ಸೊಪ್ಪು ಹೆಚ್ಚುತ್ತಾ ಕೂತಿದ್ದಳು. ಅಮ್ಮನ ವಿಷಯ ಸಾಹೇಬರಿಗೆ ಹೇಳಿದವನು ನಾನೇ ಎಂದು ಕೊನೆಗೂ ಒಪ್ಪಿಕೊಂಡೆ.

ಅವಳು ತಲೆ ಎತ್ತಲಿಲ್ಲ. "ಗೊತ್ತು ಕಣಪ್ಪ. ನನ್ನ ಇಲ್ಲಿಗ್ ತಂದ್ ಬುಟ್ಟ ದಿನ್ವೇ ಅತ್ತೆ ಏಳಿದ್ಲು. ನೀನೇ ಬಂದು ಏಳ್ತೀಯ ಅಂತ ಕಾಯ್ತಿದ್ದೆ. ಅವ್ನು ಸಾಯೋಗಂಟ ಬೇಕಾಯ್ತಾ ನಿಂಗೆ?"