ಗದ್ದುಗೆಯ ಮುಂದೆ ಹಿಡಿದ ಕೈ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಾನಗಲ್ಲಿನ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವ್ವನೂ ನಾನೂ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಾನು ಹುಟ್ಟಾ ಪುಕ್ಕಲಿ. ಸಾಹೇಬರು ಶಾಲೆ ತಪಾಸಣೆಗೆ ಬರುತ್ತಾರೆಂದರೆ ಹಿಂದಿನ ದಿನವೇ ನನಗೆ ಊಟ ಸೇರುತ್ತಿರಲಿಲ್ಲ.

ನಾವು ನಡೆದುಕೊಳ್ಳುತ್ತಿದ್ದ ಮಠದಲ್ಲಿ ತಂದೆತಾಯಿ ಇಲ್ಲದ ಮಕ್ಕಳಿಗೆ ಊಟ, ವಸತಿ ಇತ್ತು. ಮಠದ ಸ್ವಾಮಿಗಳನ್ನು ನಾವೆಲ್ಲ ಅಜ್ಜಾರು ಎನ್ನುತ್ತಿದ್ದೆವು. ಅನ್ನ ಹಾಕಿದರೆ ಸಾಲದು, ಪ್ರತಿ ಮಗುವಿಗೂ ತನ್ನದೆನ್ನುವ ಒಂದು ಮನೆ ಇರಬೇಕು ಎಂದು ಅವರು ನಂಬಿದ್ದರು. ಹಾಗಾಗಿ ಭಕ್ತರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಗುವನ್ನು ಒಪ್ಪಿಸುತ್ತಿದ್ದರು. ಮಗು ಸೋಮವಾರ ಆ ಮನೆಗೆ ಬಂದು, ಅವರ ಜೊತೆ ಪೂಜೆ ಮಾಡಿ ಉಣ್ಣಬೇಕು. ಅದರ ಓದು, ಜ್ವರ, ಹಟ, ಅಳು ಎಲ್ಲಕ್ಕೂ ಆ ಮನೆಯವರೇ ಹೊಣೆ.

ಶ್ರಾವಣದ ಒಂದು ಸೋಮವಾರ ನನಗೂ ಕರೆ ಬಂತು. ಹಿಂದಿನ ಗುರುಗಳ ಗದ್ದುಗೆಯ ಮುಂದೆ ಹದಿನೈದು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಶಿಗ್ಗಾವಿ ಕಡೆಯ ಹಿರೇಬೆಂಡಿಗೇರಿಯವಳು. ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಊರಲ್ಲಿ ಕಾಕಾ ಮತ್ತು ಅಜ್ಜಿ ಇದ್ದರು.

"ಈಕಿ ಕೈ ಹಿಡಿ ತಂಗಿ," ಎಂದರು ಅಜ್ಜಾರು. "ತನ್ನ ಕಾಲ ಮ್ಯಾಲೆ ನಿಲ್ಲೂತನಕ ಬಿಡೂದಿಲ್ಲ ಅಂತ ಗುರುವಿಗೆ ಹೇಳು."

"ನನ್ನ ಕೈಲೆ ಆಗ್ತೈತೋ ಇಲ್ಲೋ ಅಜ್ಜಾರ."

"ಆಗ್ತೈತಿ ಅಂತ ಇಲ್ಲೀತನಕ ಯಾರೂ ಹೇಳಿಲ್ಲ. ಹಿಡಿ."

ಹಿಡಿದೆ. ಅವಳ ಅಂಗೈ ನನ್ನದಕ್ಕಿಂತ ಒರಟಾಗಿತ್ತು.

ಮೊದಲ ಆರು ತಿಂಗಳು ಅವಳು ತಟ್ಟೆಯ ಸುತ್ತ ಎಡಗೈ ಅಡ್ಡ ಇಟ್ಟುಕೊಂಡೇ ಉಂಡಳು. ಆಮೇಲೆ ಆ ಕೈ ತಾನಾಗಿ ಹಿಂದೆ ಸರಿಯಿತು. ಅವ್ವನ ಹತ್ತಿರ ಅಜ್ಜಿಯ ಸುದ್ದಿ ಹೇಳತೊಡಗಿದಳು. ನನ್ನ ಹತ್ತಿರ ಗಣಿತ ಹೇಳಿಸಿಕೊಂಡಳು. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದಳು, ಶಾಲೆಯಲ್ಲಿ ಎಲ್ಲ ಮಕ್ಕಳೂ ಕರೆಯುವ ಹಾಗೆಯೇ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಂದು ತಿಂಗಳಿರುವಾಗ ಅಜ್ಜಿಗೆ ಆರಾಮಿಲ್ಲವೆಂದು ಊರಿನಿಂದ ಹೇಳಿಕಳಿಸಿದರು. "ನಾಡದ ಬರ್ತೇನಿ ಅಕ್ಕಾರ," ಎಂದು ಹೋದವಳು ಎರಡು ಸೋಮವಾರ ಕಳೆದರೂ ಬರಲಿಲ್ಲ. ಸಂತೆಯಲ್ಲಿ ಸಿಕ್ಕ ಆ ಊರಿನ ಹೆಣ್ಣುಮಗಳೊಬ್ಬಳು ಸುದ್ದಿ ಹೇಳಿದಳು: ಹುಡುಗಿಯ ಮದುವೆ ಗೊತ್ತಾಗಿದೆ, ಸವಣೂರಿನ ಕಡೆಯ ಗಂಡು, ನಲವತ್ತರ ಮೇಲೆ, ಎರಡನೆಯ ಸಂಬಂಧ.

ಅಜ್ಜಾರು ಪುರಾಣ ಹೇಳಲು ಹಿರೇಕೆರೂರಿಗೆ ಹೋಗಿದ್ದರು. ಅವರು ಬರುವವರೆಗೆ ಕಾಯೋಣ ಎಂದು ನಾನು ಅವ್ವನಿಗೆ ಹೇಳಿದೆ. ಹಾಗೆ ಹೇಳುವಾಗ ನನಗೆ ಒಳಗೊಳಗೇ ಸಮಾಧಾನವಾಗಿದ್ದು ನಿಜ.

"ಗುರುವಿನ ಮುಂದ ಹೇಳಿದಾಕಿ ನೀನು," ಎಂದಳು ಅವ್ವ. "ಅಜ್ಜಾರಲ್ಲ."

ಮರುದಿನ ರಜೆ ಹಾಕಿ ಶಿಗ್ಗಾವಿಯ ಬಸ್ಸು ಹತ್ತಿದೆ. ಚೀಲದಲ್ಲಿ ಅವಳ ಹಾಲ್ ಟಿಕೆಟ್ಟಿತ್ತು. ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅದು ಕೆಡಲಿಲ್ಲ.

ಕಾಕಾನ ಮನೆಯ ಪಡಸಾಲೆಯಲ್ಲಿ ಐದಾರು ಗಂಡಸರು ಕುಳಿತಿದ್ದರು. ಮೂಲೆಯ ಹೊರಸಿನ ಮೇಲೆ ಅಜ್ಜಿ ಮಲಗಿದ್ದಳು. ನಾನು ಯಾರೆಂದು ಹೇಳುತ್ತಲೇ ಮಾತು ನಿಂತಿತು. ಯಾರೋ ಒಬ್ಬ ಎದ್ದು ಹೋಗಿ ನನ್ನ ಹಿಂದಿನ ಬಾಗಿಲು ಹಾಕಿ ಅಗಳಿ ಸರಿಸಿದ. ಆ ಸದ್ದಿಗೆ ನಿಂತಲ್ಲೇ ಕೂತುಬಿಟ್ಟೆ.

"ನಮ್ಮ ಮನಿ ಮಾತಿನಾಗ ನಿಮ್ದೇನ್ರಿ?" ಎಂದ ಕಾಕಾ.

"ಆಕಿ ಪರೀಕ್ಷಾ ಐತ್ರಿ. ಕರ್ಕೊಂಡ ಹೋಗಾಕ ಬಂದೇನಿ." ಚೀಲದಿಂದ ಹಾಲ್ ಟಿಕೆಟ್ಟು ತೆಗೆದು ತೋರಿಸಿದೆ.

"ನಾ ಏನ್ ಆಕೀನ ಬಾವಿಗೆ ದಬ್ಬಾಕತ್ತೇನೇನ್ರಿ? ಉಣ್ಣಾಕ ಉಡಾಕ ಕಡಿಮಿ ಇಲ್ಲದ ಮನಿ. ನನಗೂ ಎರಡು ಹೆಣ್ಣುಮಕ್ಕಳದಾವು. ಈಕಿದಾಗದ ಅವರದು ಹೆಂಗ ಮಾಡ್ಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗುರುವಿನ ಮುಂದೆ ಕೈ ಹಿಡಿದಿದ್ದೇನೆ ಎಂದಷ್ಟೇ ಹೇಳಿದೆ. ಯಾರೋ ನಕ್ಕರು. ಆಗ ಹೊರಸಿನಿಂದ ಅಜ್ಜಿಯ ದನಿ ಬಂತು.

"ಆಕೀನ ಕೇಳೋ."

ಒಳಗಿನಿಂದ ಹುಡುಗಿ ಬಂದಳು. ಎರಡೂ ಕೈ ತುಂಬ ಹೊಸ ಹಸಿರು ಬಳೆ. "ನಾ ಪರೀಕ್ಷಾ ಬರಿತೇನಿ ಕಾಕಾ," ಎಂದಳು, ನೆಲ ನೋಡುತ್ತ.

ಕಾಕಾ ಮುಚ್ಚಿದ ಬಾಗಿಲ ಕಡೆ ಕೈ ಮಾಡಿದ. "ಇವತ್ತ ಹೋದಿ ಅಂದ್ರ ಮತ್ತ ಈ ಬಾಗಲಾ ತೆಗ್ಯೂದಿಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಗಳಿ ಸರಿದಾಗಿನ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಈಗ ನಾನು ಬಾ ಎಂದರೆ ಅವಳಿಗೆ ಇನ್ನು ನನ್ನನ್ನು ಬಿಟ್ಟು ಯಾರೂ ಇಲ್ಲ. ನೆಲಕ್ಕೆ ಕೈಯೂರಿ ಎದ್ದೆ. "ಬಾ" ಎಂದೆ. ಅವಳೇ ಹೋಗಿ ಅಗಳಿ ತೆಗೆದಳು, ಯಾರೂ ಅಡ್ಡ ಬರಲಿಲ್ಲ.

ತಡಸಕ್ಕೆ ಹೊರಟಿದ್ದ ಒಂದು ಚಕ್ಕಡಿ ಹತ್ತಿದೆವು. ಇಬ್ಬರು ಗಂಡಸರು ಸೈಕಲ್ಲಿನ ಮೇಲೆ ಹಿಂದೆಯೇ ಬಂದರು. ತಡಸದಲ್ಲಿ ಚಹಾದಂಗಡಿಯ ಮುಂದೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಹಾನಗಲ್ಲಿನ ಬಸ್ಸು ಬರುವವರೆಗೆ ನಾನು ಅವಳ ಕೈ ಬಿಡಲಿಲ್ಲ. ಯಾರು ಯಾರನ್ನು ಹಿಡಿದಿದ್ದೆವೋ ಗೊತ್ತಿಲ್ಲ. ಬಸ್ಸು ಊರು ದಾಟಿದ ಮೇಲೆ ಅವಳು ಕೇಳಿದಳು.

"ಅಕ್ಕಾರ, ನೀವು ಸತ್ರ ನಾ ಎಲ್ಲಿಗೆ ಹೋಗ್ಲಿ?"

"ಅವ್ವ ಅದಾಳಲ್ಲ," ಎಂದುಬಿಟ್ಟೆ. ಅವ್ವನಿಗೆ ಆಗಲೇ ಎಪ್ಪತ್ತು. ಹುಡುಗಿಗೆ ನಗು ಬಂತು, ಆಮೇಲೆ ಅತ್ತಳು.

ಅಜ್ಜಾರು ತಿರುಗಿ ಬಂದ ಮೇಲೆ ಕಾಕಾ ಒಮ್ಮೆ ಮಠಕ್ಕೆ ಬಂದು, ಅವರೊಡನೆ ಮಾತಾಡಿ, ನನ್ನ ಕಡೆ ನೋಡದೆ ಹೋದ. ಆದರೂ ಎಷ್ಟೋ ದಿನ ಶಾಲೆಯ ಗೇಟಿನಲ್ಲಿ ಬಿಳಿ ಧೋತರದವರು ಯಾರೇ ಕಂಡರೂ ನಾನು ತರಗತಿಯ ಬಾಗಿಲು ಮುಚ್ಚುತ್ತಿದ್ದೆ. ಹುಡುಗಿ ಗಣಿತದಲ್ಲಿ ನಪಾಸಾದಳು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಎಂಬತ್ತರ ದಶಕದ ನಡುವೆ ಸವಣೂರು ತಾಲೂಕಿನ ಒಂದು ಹಳ್ಳಿಯಲ್ಲಿ ನೌಕರಿಗೆ ಸೇರಿದಳು.

ಕಾಕಾ ಮಾತ್ರ ಆಡಿದ ಮಾತು ಮುರಿಯಲಿಲ್ಲ. ಅಜ್ಜಿ ತೀರಿಕೊಂಡದ್ದನ್ನು ಅವಳಿಗೆ ಯಾರೂ ತಿಳಿಸಲಿಲ್ಲ. ಮೂರು ತಿಂಗಳಾದ ಮೇಲೆ, ಚುಚ್ಚುಮದ್ದಿಗೆ ಬಂದ ಯಾರದೋ ಬಾಯಿಂದ ಕೇಳಿ, ಹಾಗೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಂದು ನನಗೆ ಬಾ ಎಂದು ಯಾಕೆ ಹೇಳಿದಿರಿ ಎಂದು ಅವಳು ಕೇಳಿಯಾಳೆಂದು ಹೆದರಿ ಅವರ ಹತ್ತಿರ ಹೋಗಲಿಲ್ಲ. ಅವಳು ಅದನ್ನು ಎಂದೂ ಕೇಳಲಿಲ್ಲ.