ಪಾಚಿ ಕಟ್ಟಿದ ಹೆಬ್ಬೆರಳು

ನರ್ಸರಿಯಲ್ಲಿ ಅವಳನ್ನು ಎಲ್ಲರೂ ಕಸಿಯಕ್ಕ ಅಂತಲೇ ಕರೆಯುವುದು. ಇಪ್ಪತ್ತೆರಡು ವರ್ಷದಿಂದ ಗುಲಾಬಿಗೆ ಕಸಿ ಕಟ್ಟುತ್ತ ಬಂದ ಕೈ. ಕಾಡುಗುಲಾಬಿಯ ಕಡ್ಡಿ ಸೀಳಿ, ಒಳ್ಳೆ ಜಾತಿಯ ಚಿಗುರೊಡೆಯುವ ಕಣ್ಣು ಕೂರಿಸಿ, ಒದ್ದೆ ಪಾಚಿ ಸುತ್ತಿ, ಪಟ್ಟಿ ಬಿಗಿದು, ಬಲಗೈ ಹೆಬ್ಬೆರಳಿನಿಂದ ಒಂದೇ ಸಲ ಒತ್ತುತ್ತಿದ್ದಳು. ಆ ಒತ್ತು ಬಿದ್ದ ಮೇಲೆ ಹತ್ತಕ್ಕೆ ಒಂಬತ್ತು ಚಿಗುರದೆ ಎಲ್ಲಿ ಹೋದಾವು!

ಒಂದು ದಿನ ಅದೇ ಹೆಬ್ಬೆರಳಿಗೆ ಮುಳ್ಳು ಆಳವಾಗಿ ನೆಟ್ಟಿತು. ಕಿತ್ತು ಬಿಸಾಕಿ, ಗಿಡಕ್ಕೆ ಮಾಡುವ ಉಪಚಾರವನ್ನೇ ತನಗೂ ಮಾಡಿಕೊಂಡಳು. ಒಂದು ಚಿಟಿಕೆ ಒದ್ದೆ ಪಾಚಿ ಇಟ್ಟು, ಮೇಲೆ ಕಸಿಪಟ್ಟಿ ಬಿಗಿದು, ಮತ್ತೆ ಕೆಲಸಕ್ಕೆ ಕೂತಳು.

ಮೂರು ವಾರಕ್ಕೆ ಅಲ್ಲೊಂದು ಕೆಂಪು ಗುಳ್ಳೆ ಎದ್ದಿತು, ಒಡೆಯಿತು, ಹುಣ್ಣಾಯಿತು. ಅಂಥ ನೋವೇನಿಲ್ಲ, ಮಾಯುವ ಮಾತೂ ಇಲ್ಲ. ಆಮೇಲೆ ಮಣಿಕಟ್ಟಿನ ಹತ್ತಿರ ಒಂದು ಗಂಟು, ಅದರಾಚೆ ಇನ್ನೊಂದು. ಮೆಟ್ಟಿಲು ಹತ್ತಿದ ಹಾಗೆ ಮೊಣಕೈ ತನಕ ನಾಲ್ಕು.

ಪಕ್ಕದಲ್ಲೇ ಕೂತು ಕುಂಡಕ್ಕೆ ಮಣ್ಣು ತುಂಬುವ ನಾದಿನಿ, ಅತ್ತಿಗೆಯ ಕೈಯಲ್ಲೇ ಮೊಗ್ಗು ಕಟ್ಟುತ್ತಿದೆ, ಇನ್ನು ಯಾವ ಬಣ್ಣದ ಹೂವೋ ನೋಡಬೇಕು ಅಂತ ರೇಗಿಸಿದಳು. ಕಸಿಯಕ್ಕ ನಕ್ಕಳು, ಕೈಯನ್ನು ಮಾತ್ರ ಸೆರಗಿನಡಿ ಎಳೆದುಕೊಂಡಳು. ಡಾಕ್ಟರು ಬೆರಳು ತೆಗೆಯಬೇಕು ಅಂದುಬಿಟ್ಟರೆ? ಹೆಬ್ಬೆರಳಿಲ್ಲದ ಮೇಲೆ ಅವಳು ಯಾವ ಕಸಿಯಕ್ಕ? ಆ ಭಯಕ್ಕೇ ಇನ್ನೂ ಎರಡು ವಾರ ತಳ್ಳಿದಳು. ಕೊನೆಗೆ ನಾದಿನಿಯೇ ರಟ್ಟೆ ಹಿಡಿದು ಚರ್ಮದ ಡಾಕ್ಟರಮ್ಮನ ಎದುರು ಕೂರಿಸಿದಳು.

ಡಾಕ್ಟರಮ್ಮ ಹುಣ್ಣಿನಂಚಿನಿಂದ ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂತು: ಬೂಷ್ಟಿನ ಸೋಂಕು. ಮಣ್ಣಲ್ಲಿ, ಮುಳ್ಳಲ್ಲಿ, ಪಾಚಿಯಲ್ಲಿ ಇರುವಂಥದ್ದು, ಗಾಯ ಸಿಕ್ಕರೆ ಒಳಗೆ ಇಳಿಯುತ್ತದೆ. ಗಾಯಕ್ಕೆ ಏನು ಹಚ್ಚಿದಿರಿ ಅಂತ ಕೇಳಿದಾಗ ಕಸಿಯಕ್ಕ ಪಾಚಿಯ ಕತೆಯನ್ನು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಬೂಷ್ಟನ್ನ ನೀವೇ ಕಸಿ ಕಟ್ಟಿಕೊಂಡಿದ್ದೀರಲ್ಲಮ್ಮ."

"ಬೆರಳು ಉಳಿಯುತ್ತಾ?"

"ಉಳಿಯುತ್ತೆ. ಆದ್ರೆ ನಾಲ್ಕೈದು ತಿಂಗಳು ಮಾತ್ರೆ. ಮೇಲೆ ಒಣಗಿತು ಅಂತ ನಡುವೆ ಬಿಟ್ಟರೆ ಮತ್ತೆ ಬರುತ್ತೆ."

"ಅದು ಬಿಡಿ ತಾಯಿ," ಅಂದಳು ಕಸಿಯಕ್ಕ, ಮುಖ ಅರಳಿಸಿ. "ಚಿಗುರು ಕಂಡಿತು ಅಂತ ಪಟ್ಟಿ ಬಿಚ್ಚೋ ಪೈಕಿ ಅಲ್ಲ ನಾನು."

ಗಂಟುಗಳು ಒಂದೊಂದಾಗಿ ಕರಗಿದವು. ಹುಣ್ಣು ಒಣಗಿ ಕಲೆಯಾಯಿತು. ಆದರೂ ಡಾಕ್ಟರಮ್ಮ ಸಾಕು ಅನ್ನುವ ತನಕ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ.

ಈಗ ಕೈಗೆ ದಪ್ಪ ಗ್ಲೌಸು. ಮುಳ್ಳು ಚುಚ್ಚಿದರೆ ಸೋಪು, ನೀರು, ಶುದ್ಧ ಬಟ್ಟೆ. ಪಾಚಿ ಗುಲಾಬಿಗೆ ಮಾತ್ರ. ಗ್ಲೌಸು ತೊಟ್ಟು ಕಟ್ಟಿದ ಮೊದಲ ಹತ್ತರಲ್ಲಿ ಎಂಟೇ ಚಿಗುರಿದವು. ನಾದಿನಿ ಬೇಕಂತಲೇ ಎರಡು ಸಲ ಎಣಿಸಿದಳು.

"ಒಂದು ಕಮ್ಮಿ, ಅತ್ತಿಗೆ."

"ಗ್ಲೌಸಿಗೂ ಕೆಲಸ ಕಲಿಯೋಕೆ ಟೈಮು ಕೊಡೇ," ಅಂದು ಕಸಿಯಕ್ಕ ಹನ್ನೊಂದನೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು.