ಮೈಕ್ ದೇವಯ್ಯನ ಒಳ್ಳೆ ಕಾಲ

ಟಿ. ನರಸೀಪುರದ ಜನರ ಬಗ್ಗೆ ಗೋವಿಂದಮ್ಮನಿಗೆ ಎಳ್ಳಷ್ಟೂ ಮರ್ಯಾದೆಯಿಲ್ಲ. ಚಪ್ಪಾಳೆ ತಟ್ಟಲು ನೂರು ಕೈ, ಹೊತ್ತುಕೊಳ್ಳಲು ಒಂದು ಹೆಗಲಿಲ್ಲ ಎನ್ನುತ್ತಾಳೆ.

ಅವಳ ಗಂಡ ದೇವಯ್ಯ ಆಟೋಗೆ ಮೈಕ್ ಕಟ್ಟಿಕೊಂಡು ಊರೂರು ಕೂಗುವವನು. ಟೆಂಟ್ ಸಿನಿಮಾ, ಸೀರೆ ಅಂಗಡಿ, ಪೋಲಿಯೋ ಹನಿ, ಯಾವುದಾದರೂ ಸರಿ. ತೊಂಬತ್ನಾಲ್ಕರ ಚುನಾವಣೆಯಲ್ಲಿ ಹದಿನೈದು ದಿನ ಸರಿಯಾಗಿ ನಿದ್ದೆಯನ್ನೇ ಮಾಡದೆ ಕೂಗಿದ. ಪಾರ್ಟಿಯವರು ಬರೆದುಕೊಟ್ಟ ಚೀಟಿ ಹರಿದೆಸೆದು, ಹೆಮ್ಮರಗಾಲದಂಥ ಹಳ್ಳಿಗೂ ರೈಲು, ಮನೆಗೊಂದು ಕಾಲೇಜು ಎಂದು ತಾನೇ ಭರವಸೆ ಕೊಟ್ಟ. ಜನ ಸಿಳ್ಳೆ ಹೊಡೆದರು.

"ಅವನ ನಾಲ್ಗೆ ಮ್ಯಾಲೆ ಸರಸ್ವತಿ ಕುಂತವ್ಳೆ ಕಣ್ಲಾ!"

ಚುನಾವಣೆ ಮುಗಿಯಿತು. ದೇವಯ್ಯ ಗೋಡೆಗೆ ಮುಖ ಮಾಡಿ ಮಲಗಿದವನು ಎರಡು ತಿಂಗಳು ಏಳಲಿಲ್ಲ. ಸ್ನಾನವಿಲ್ಲ, ಮಾತಿಲ್ಲ, ಮುದ್ದೆ ತಟ್ಟೆಯಲ್ಲೇ ಒಣಗುತ್ತಿತ್ತು. ಸಿಳ್ಳೆ ಹೊಡೆದ ಬಾಯಿಗಳೇ ಈಗ "ಕೊಬ್ಬು, ದುಡಿಯಾಕೆ ಸೋಮಾರಿತನ" ಎಂದವು. ಚಿಕ್ಕಯ್ಯನಛತ್ರದಿಂದ ಬಂದ ಅವನಣ್ಣ ಮಾದಯ್ಯ, ದೆವ್ವ ಬಿಡಿಸುವವನಿಂದ ತಮ್ಮನಿಗೆ ಬೇವಿನ ಸೊಪ್ಪಿನಲ್ಲಿ ಹೊಡೆಸಿ, ದೊಡ್ಡ ಉಪಕಾರ ಮಾಡಿದವನಂತೆ ಊಟ ಮಾಡಿಕೊಂಡು ಹೋದ.

ಒಂದು ಬೆಳಿಗ್ಗೆ ದೇವಯ್ಯ ಬಾಯಿಬಿಟ್ಟ. "ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣಮ್ಮಿ."

ಗೋವಿಂದಮ್ಮ ಅವನ ಕೈ ಬಿಡದೆ ನಂಜನಗೂಡಿನ ಬಸ್ಸು ಹತ್ತಿಸಿದಳು. ಅಲ್ಲಿನ ಡಾಕ್ಟರು ಮಂಕು ಹಿಡಿದದ್ದನ್ನಷ್ಟೇ ಕೇಳಿ, ಅದಕ್ಕಷ್ಟೇ ಮಾತ್ರೆ ಕೊಟ್ಟರು. ಮೂರನೇ ವಾರಕ್ಕೆ ದೇವಯ್ಯ ಎದ್ದು ಆಟೋ ಹತ್ತಿದ. ಊರು ಮತ್ತೆ ಖುಷಿಪಟ್ಟಿತು. ಹತ್ತೇ ದಿನ. ಆಮೇಲೆ ಸೇತುವೆ ಮಧ್ಯೆ ನಿಂತು ಬಸ್ಸುಗಳನ್ನು ತಡೆದು, ತಾನೇ ಮುಖ್ಯಮಂತ್ರಿ ಎಂದು ಘೋಷಿಸಿದ. ಜನ ಬಸ್ಸಿನಿಂದಿಳಿದು ನಕ್ಕರು, ಪೊಲೀಸರು ಹಿಡಿದೊಯ್ದರು.

ಗೋವಿಂದಮ್ಮ ಠಾಣೆಯಿಂದ ಬಿಡಿಸಿಕೊಂಡು ಹೋದ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳನ್ನು ಕೇಳಿದರು: "ಹಿಂದೆ ಯಾವತ್ತಾದ್ರೂ ನಿದ್ದೆ ಇಲ್ದಿದ್ರೂ ಸುಸ್ತಾಗದೆ, ವಿಪರೀತ ಹುಮ್ಮಸ್ಸಲ್ಲಿದ್ರಾ?"

"ಅದ್ಯಾಕ್ ಕಾಯ್ಲೆ ಡಾಕ್ಟ್ರಮ್ಮ? ಅದು ಇವ್ರ ಒಳ್ಳೆ ಕಾಲ."

"ಅಲ್ಲ. ಏರೋದೂ ಇಳಿಯೋದೂ ಒಂದೇ ಕಾಯಿಲೆ. ಬರೀ ಇಳಿದಿದ್ದಕ್ಕೆ ಮಾತ್ರೆ ಕೊಟ್ರೆ ಕೆಲವರು ಹೀಗೆ ಮೇಲಕ್ಕೆ ಚಿಮ್ತಾರೆ."

ಅವತ್ತು ಗೋವಿಂದಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗುಂಪಿನಲ್ಲಿ ನಿಂತು ಬೀಗಿದವರಲ್ಲಿ ಅವಳೂ ಒಬ್ಬಳು.

ಬೇರೆ ಮಾತ್ರೆ ಬಂತು, ಆಗಾಗ ರಕ್ತ ಪರೀಕ್ಷೆ ಬಂತು. ದೇವಯ್ಯ ಸರಿಹೋಗಲು ವರ್ಷ ಹಿಡಿಯಿತು. ಮಾತ್ರೆಯಿಂದ ಕೈ ನಡುಗುತ್ತದೆಂದು ನಾಚಿ, ಒಮ್ಮೆ ಹೇಳದೆ ಕೇಳದೆ ಅದನ್ನು ಬಿಟ್ಟು ಮತ್ತೆ ನಾಲ್ಕು ತಿಂಗಳು ಹಾಸಿಗೆ ಹಿಡಿದ. ಆಮೇಲೆ ಡಾಕ್ಟರಮ್ಮನಿಗೇ ಹೇಳಿ ಪ್ರಮಾಣ ಕಡಿಮೆ ಮಾಡಿಸಿಕೊಂಡ.

ತೊಂಬತ್ತೊಂಬತ್ತರಲ್ಲಿ ಪಾರ್ಟಿಯ ಮಲ್ಲಿಕಾರ್ಜುನ್ ಗರಿಗರಿ ಷರಟಿನಲ್ಲಿ ಬಂದ. "ಎಲೆಕ್ಷನ್ ಮುಗಿಯೋಗಂಟ ಆ ಮಾತ್ರೆ ನಿಲ್ಸಮ್ಮ. ನಮ್ಗೆ ಹಳೇ ದೇವಯ್ಯ ಬೇಕು."

"ನೀವು ಗೆಲ್ಲಾಕೆ ನನ್ ಗಂಡನ್ ತಲೆ ಕೆಡಿಸ್ಬೇಕಾ? ನಿಮ್ಗೂ ಬಾಯಿ ಅದ್ಯಲ್ಲ, ಅದ್ರಲ್ಲೇ ಕೂಗ್ಕೊಳಿ" ಎಂದು ಬಾಗಿಲು ಹಾಕಿದಳು. ಒಳಗಿದ್ದ ದೇವಯ್ಯ ಬಹಳ ದಿನಗಳ ಮೇಲೆ ನಕ್ಕ.

ಈಗ ಅವನು ಚೀಟಿಯಲ್ಲಿ ಬರೆದದ್ದನ್ನಷ್ಟೇ ಓದುತ್ತಾನೆ. ಮಜಾ ಇಲ್ಲ ಎಂದು ಜನ ಗೊಣಗುತ್ತಾರೆ. ಗೊಣಗಲಿ.

ಎರಡು ಸಾವಿರದ ಆರರಲ್ಲಿ ಮಾದಯ್ಯ ಬಂದು ಹೊಸ್ತಿಲಾಚೆ ನಿಂತ. ಅವನ ಮಗಳು ರೋಜಾ ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ. ಆಸ್ಪತ್ರೆ ಯಾವುದು ಎಂದು ಪಿಸುಗುಟ್ಟಿದ. ಗೋವಿಂದಮ್ಮ ಕೂರು ಎನ್ನಲಿಲ್ಲ, ಕಾಫಿ ಕೊಡಲಿಲ್ಲ. ಸೀರೆ ಬದಲಿಸಿಕೊಂಡು ಬಂದು ಚಪ್ಪಲಿ ಮೆಟ್ಟಿದಳು.

"ನಡೀರಿ ಭಾವ, ನಾನೂ ಬತ್ತೀನಿ. ಮಗು ಮಲಗಿದ್ದೊಂದೇ ಡಾಕ್ಟ್ರಿಗೆ ಹೇಳ್ಬ್ಯಾಡಿ. ಅದ್ಕೂ ಮುಂಚೆ ಹೆಂಗಿದ್ಲು, ಅದ್ನೂ ಹೇಳಿ."